ಕಿರುಗುಟ್ಟುವ ಊರುಗೋಲು

ಕೋಲು ಕಿರ್ ಅಂದದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಅತ್ತೆ ಕುರ್ಚಿಯಿಂದ ಏಳುವುದಕ್ಕೆ ಅದರ ಮೇಲೆ ಭಾರ ಬಿಟ್ಟಿದ್ದರು. ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ ಸೊಸೆ ನಲ್ಲಿ ನಿಲ್ಲಿಸಿದಳು.

“ಏನತ್ತೆ ಅದು ಸದ್ದು?”

“ನನ್ನ ಮಂಡಿ ಇರಬೇಕು. ಅದಕ್ಕೂ ಈಗ ಮಾತು ಬಂದಿದೆ.”

“ಮಂಡಿ ಅಲ್ಲ. ಕೋಲು.”

“ಓ, ಅದಾ! ಅದು ಮಾತಾಡೋಕೆ ಶುರು ಮಾಡಿ ಎಷ್ಟೋ ದಿನ ಆಯ್ತು ಕಣೇ. ನೀವು ಮೂರು ಜನ ಬಾಯಿ ಬಿಟ್ಟರೆ ಕಾಲೇಜು, ಬಾಯಿ ಮುಚ್ಚಿದರೆ ನಿದ್ದೆ. ಈ ಮನೇಲಿ ನನ್ನ ಹತ್ತಿರ ನಾಲ್ಕು ಮಾತಾಡೋದು ಈ ಕೋಲೊಂದೇ. ಅದರ ಬಾಯಿಗೂ ಬೀಗ ಹಾಕಬೇಡ.”

ಬೇರೆ ದಿನವಾಗಿದ್ದರೆ ಸೊಸೆ ನಕ್ಕುಬಿಡುತ್ತಿದ್ದಳು. ಇವತ್ತು ಕೈ ಒರೆಸಿಕೊಂಡು ಬಂದು ಕೋಲನ್ನು ಇಸಿದುಕೊಂಡಳು. ನಡುವೆ ಮಡಚುವ ಕೀಲಿನ ಹತ್ತಿರ ಹೆಬ್ಬೆರಳಿಟ್ಟು ಅತ್ತಿತ್ತ ಅಲುಗಿಸಿದಳು. ಕೂದಲೆಳೆಯಷ್ಟು ಸಡಿಲ. ಪಿನ್ನಿನ ಸುತ್ತ ಬಟ್ಟೆ ಆಡಿಸಿದಾಗ ಕಂದು ಪುಡಿ ಅಂಟಿಕೊಂಡು ಬಂತು. ನೋಡುವುದಕ್ಕೆ ಕಾಫಿಪುಡಿಯ ಹಾಗಿತ್ತು. ಆದರೆ ಅದು ಅವಳೇ ಕೈಯಾರೆ ಬೇಯಿಸಿದ ಕೊಳವೆಯ ಪುಡಿ.

“ಕೊಡು ಇಲ್ಲಿ. ಮುಖ ತೊಳೀಬೇಕು.”

“ಎಣ್ಣೆ ಬಿಟ್ಟು ತರ್ತೀನಿ ಅತ್ತೆ, ಸಂಜೆಗೆ. ಇವತ್ತೊಂದು ದಿನ ಆಸ್ಪತ್ರೆಯವರು ಕೊಟ್ಟ ಆ ನಾಲ್ಕು ಕಾಲಿನ ಚೌಕಟ್ಟನ್ನ ಹಿಡ್ಕೊಳ್ಳಿ.”

“ಆ ಮಂಚದ ಕಾಲನ್ನಾ? ಅದನ್ನ ಹಿಡ್ಕೊಂಡರೆ ನಾನು ನಡೆದ ಹಾಗಿರಲ್ಲ, ಸಾಮಾನು ಸಾಗಿಸಿದ ಹಾಗಿರುತ್ತೆ.” ಆದರೂ ಸೊಸೆಯ ಮುಖ ನೋಡಿ ಒಪ್ಪಿಕೊಂಡರು. “ಸಂಜೆಗೆ ಬೇಕು, ಗೊತ್ತಾಯ್ತಾ?”

ಆ ಕೋಲು ಅಂಗಡಿಯಿಂದ ಬಂದದ್ದಲ್ಲ. ಊರಾಚೆಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಮನೆಯ ಮೂವರೂ ಪಾಠ ಹೇಳುತ್ತಾರೆ. ಸೊಸೆ ವಸ್ತುವಿಜ್ಞಾನದವಳು. ಹಗ್ಗದ ಕಾರ್ಖಾನೆಯವರು ಬಿಸಾಡುವ ನಾರನ್ನು ತಂದು, ಅದಕ್ಕೆ ಅಂಟು ಕುಡಿಸಿ, ಅಚ್ಚಿಗೆ ಸುತ್ತಿ, ಓವನ್ನಿನಲ್ಲಿ ನಿಧಾನವಾಗಿ ಬೇಯಿಸಿ ಕೊಳವೆ ಮಾಡುವುದು ಅವಳ ಸಂಶೋಧನೆ. ಕೈಗೆತ್ತಿಕೊಂಡರೆ ಬೆಂಡಿನಷ್ಟು ಹಗುರ, ಬಗ್ಗಿಸಲು ಹೋದರೆ ಜಗ್ಗುವುದಿಲ್ಲ. ಹುಡುಗರು ಅವಳಿಗೆ ‘ನಾರು ಮೇಡಂ’ ಅಂತ ಹೆಸರಿಟ್ಟಿದ್ದರು. ಮಹಡಿಯ ಕೋಣೆಯಲ್ಲಿರುವ ಮೈದುನ ಮೆಕ್ಯಾನಿಕಲ್ ವಿಭಾಗದವನು. ಕೋಲು ಮಡಚಿ ಚೀಲದಲ್ಲಿ ಹಾಕಿಕೊಳ್ಳುವಂತೆ ಕೀಲು ಮಾಡಿದವನು ಅವನು. ಗಂಡ ಮ್ಯಾನೇಜ್‌ಮೆಂಟ್ ವಿಭಾಗದವನು. ಯಾವ ವಸ್ತು ಯಾರಿಗೆ ಬೇಕು, ಯಾಕೆ ಕೊಳ್ಳುತ್ತಾರೆ, ಯಾಕೆ ಮೂಗು ಮುರಿಯುತ್ತಾರೆ ಅನ್ನುವುದು ಅವನ ಪಾಠ. ವೃದ್ಧಾಶ್ರಮಗಳನ್ನು ಸುತ್ತಿ ಅಭಿಪ್ರಾಯ ಕೇಳಿದವನೂ, ಕೋಲು ತಯಾರಿಸಲು ಒಂದು ಕಂಪನಿಯನ್ನು ಹುಡುಕಿ ಹಿಡಿದವನೂ ಅವನೇ.

ಈ ಮೂರು ವಿಭಾಗ ಸೇರಿಸಿ ಡೈರೆಕ್ಟರು ಒಂದು ಸೆಂಟರ್ ತೆರೆದ ದಿನ ‘ಇದು ಮೂರೆಳೆ ಹೊಸೆದ ಹಗ್ಗ’ ಅಂತ ಭಾಷಣ ಮಾಡಿದ್ದರು. ಕ್ಯಾಂಟೀನಿನವರು ಅದನ್ನು ‘ಕೂಡುಕುಟುಂಬ’ ಅಂತ ಕರೆದರು. ಆ ದಿನದ ಪ್ರದರ್ಶನಕ್ಕೆಂದು ಒಂದೇ ಒಂದು ಕೋಲನ್ನು ಇಡಿಯಾಗಿ ಜೋಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ್ದರು. ಪ್ರದರ್ಶನ ಮುಗಿದ ಮೇಲೆ ಅದು ಗಂಡನ ಚೀಲದಲ್ಲಿ ಮನೆಗೆ ಬಂದು ಬಾಗಿಲ ಹಿಂದೆ ಬಿದ್ದಿತ್ತು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ಅತ್ತೆ, ಕೋಲು ಹಿಡಿದರೆ ಮುದುಕಿಯ ಹಾಗೆ ಕಾಣುತ್ತೇನೆ ಎಂದು ಡಾಕ್ಟರ ಜೊತೆ ಜಗಳ ಕಾಯ್ದಿದ್ದವರು, ಒಂದು ದಿನ ಯಾರಿಗೂ ಹೇಳದೆ ಅದನ್ನು ಕೈಗೆತ್ತಿಕೊಂಡರು. ಆಮೇಲೆ ಕೆಳಗಿಡಲಿಲ್ಲ.

ನಾಳೆ ಕಂಪನಿಯವರು ಬರುವವರಿದ್ದರು. ಅವರು ಒಪ್ಪಂದಕ್ಕೆ ಸಹಿ ಹಾಕಿದರೆ ಸೆಂಟರ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಅದರ ಅವಧಿ ಈ ತಿಂಗಳಿಗೆ ಮುಗಿಯಿತು, ಓವನ್ ರೂಮು ಬೇರೆಯವರ ಪಾಲು. ಕಂಪ್ಯೂಟರ್ ವಿಭಾಗದವರು ಆಗಲೇ ಅಳತೆ ಟೇಪು ಹಿಡಿದು ಬಂದು ಹೋಗಿದ್ದರು. ಆ ರೂಮು ಒಂದು ಕಾಲಕ್ಕೆ ಮುರಿದ ಬೆಂಚುಗಳ ಉಗ್ರಾಣ. ನಾರು ಮೇಡಂ ಅದನ್ನು ಬೇಡಿ, ಕಾಡಿ, ಕಂಡ ಕಂಡ ಕಚೇರಿಯ ಬಾಗಿಲು ಕಾದು ಪಡೆದಿದ್ದಳು. ತಾನೇ ನಿಂತು ಕಿಟಕಿ ಸಂದು ಮುಚ್ಚಿಸಿದ್ದಳು. ಕೂದಲು ಹಣ್ಣಾದದ್ದು ಆ ರೂಮಿನಲ್ಲೇ. ಈಗ ಅವಳಿಗೆ ಬೇಕಾಗಿದ್ದದ್ದು ನಾಳೆಯೊಂದು ದಾಟುವುದು. ದಾಟಿದ ಮೇಲೆ ಒಂದು ಇಡೀ ದಿನ ಮುಸುಕು ಹೊದ್ದು ಮಲಗುವುದು.

ಬಸ್ಸಿನಲ್ಲಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡೇ ತೂಕಡಿಸಿದಳು. ಇಳಿದವಳು ತನ್ನ ವಿಭಾಗಕ್ಕೆ ಹೋಗದೆ ನೇರವಾಗಿ ವರ್ಕ್‌ಶಾಪಿಗೆ ನಡೆದಳು. ಮೈದುನ ಯಾವುದೋ ಯಂತ್ರದೊಳಗೆ ತಲೆ ತೂರಿಸಿದ್ದ.

“ಏ, ಹೊರಗೆ ಬಾ. ಒಂದು ಮಾತು ಕೇಳ್ತೀನಿ, ತಮಾಷೆ ಮಾಡದೆ ಹೇಳು. ಈ ಕೀಲನ್ನ ಪರೀಕ್ಷೆ ಮಾಡಿದೆಯಲ್ಲ, ಯಾವ ಕೊಳವೆಗೆ ಹಾಕಿ ಮಾಡಿದೆ?”

“ಕೊಳವೆಗೇ ಹಾಕಿ ಮಾಡಿದೆ ಅತ್ತಿಗೆ. ಲಕ್ಷ ಸಲ ಮಡಚಿ ಬಿಚ್ಚಿ ಆಯ್ತು. ಕೀಲು ಕಲ್ಲುಗುಂಡಿನ ಹಾಗಿದೆ.”

“ನನ್ನ ಕೊಳವೆಗಾ?”

ಅವನು ಕೈಯಲ್ಲಿದ್ದ ಜಿಡ್ಡನ್ನು ಒರೆಸಿಕೊಂಡ. “ಅಲ್ಯೂಮಿನಿಯಂ ಕೊಳವೆಗೆ.”

“ಯಾಕೆ?”

“ಯಾಕೆ ಅಂತ ನೀವು ಕೇಳ್ತೀರಲ್ಲ ಅತ್ತಿಗೆ! ಒಂದು ಕೊಳವೆ ಕೇಳಿದರೆ ‘ಓವನ್ನಿನ ಹತ್ತಿರ ನಿಂತು ನಿಂತು ನನ್ನ ಸೊಂಟ ಬಿದ್ದುಹೋಗಿದೆ, ನೀನು ಪಟಕ್ಕಂತ ಮುರಿದು ಬಿಸಾಡ್ತೀಯ’ ಅಂತ ನನ್ನ ಜನ್ಮ ಜಾಲಾಡಿದ್ರಿ. ಆಮೇಲೆ ನಾನು ಕೇಳೋಕೇ ಹೋಗಲಿಲ್ಲ. ಪರೀಕ್ಷೆ ಇದ್ದದ್ದು ಕೀಲಿಗೆ ತಾನೇ? ಅಳತೆ ಒಂದೇ ಇದ್ದರೆ ಸಾಕು ಅಂದ್ಕೊಂಡೆ.”

ಅವಳು ಅಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತಳು. ಹೌದು, ಬೈದಿದ್ದಳು. ಪರೀಕ್ಷೆಗೆ ಅಂತ ತನಗೇ ಬೇಕಿದ್ದ ಕೊಳವೆಗಳನ್ನು ಕೂಸಿನ ಹಾಗೆ ಎತ್ತಿಟ್ಟುಕೊಂಡಿದ್ದಳು. ಮತ್ತೆ ಅವಳ ಪರೀಕ್ಷೆಯಾದರೂ ಏನು? ಬಗ್ಗಿಸಿ ನೋಡಿದ್ದು, ಒತ್ತಿ ನೋಡಿದ್ದು, ನೀರಲ್ಲಿ ನೆನೆಸಿ ನೋಡಿದ್ದು, ಎಲ್ಲವೂ ನುಣ್ಣಗಿನ ಇಡೀ ಕೊಳವೆಗಳು. ಕೀಲಿಗೆಂದು ಪಿನ್ನು ತೂರಿಸಲು ಕೊರೆದ ತೂತು ಅವುಗಳಲ್ಲಿ ಒಂದರಲ್ಲೂ ಇರಲಿಲ್ಲ. ತೂತು ಮೆಕ್ಯಾನಿಕಲ್‌ನವರ ಕೆಲಸ ಅಂತ ಬಿಟ್ಟಿದ್ದಳು.

“ನಿಮ್ಮಣ್ಣನ್ನ ಕರಿ,” ಅಂದಳು.

ಗಂಡ ಬರುವಾಗಲೇ ನಾಳೆಯ ಸಭೆಗೆ ತಕ್ಕ ಮುಖ ಹೊತ್ತುಕೊಂಡು ಬಂದ. “ಏನಿಬ್ಬರೂ ಹೀಗೆ ಕೈ ಚೆಲ್ಲಿ ಕೂತಿದ್ದೀರಿ?”

“ರೀ, ವೃದ್ಧಾಶ್ರಮದವರು ನಡೆದು ನೋಡಿದರಲ್ಲ, ‘ಬಹಳ ಹಿಡಿಸಿತು’ ಅಂದರಲ್ಲ, ಅವರ ಕೈಲಿದ್ದದ್ದು ಯಾವ ಕೋಲು?”

“ಯಾವ ಕೋಲು ಅಂದರೆ? ಮಾದರಿ ಕೋಲು.”

“ಅದು ಎಲ್ಲಿಂದ ಬಂತು?”

“ಬಡಗಿ ಕೈಲಿ ಮಾಡಿಸಿದ್ದೆ. ಮರದ್ದು. ತೂಕ, ಬಣ್ಣ, ಹಿಡಿ ಎಲ್ಲಾ ಥೇಟು ಇದೇ ಥರ. ನಾನು ಕೇಳಬೇಕಾಗಿದ್ದದ್ದು ನೋಡೋಕೆ ಹೇಗಿದೆ, ಹಿಡಿಯೋಕೆ ಹೇಗಿದೆ, ಕೊಳ್ತೀರಾ ಇಲ್ವಾ ಅಂತ. ಅದಕ್ಕೆ ಮರ ಸಾಲದೇನು?”

ಮೈದುನನಿಗೆ ನಗು ತಡೆಯಲಾಗಲಿಲ್ಲ. ನಗುವಂಥದ್ದೇನೂ ಅಲ್ಲ ಅಂತ ಗೊತ್ತಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಣ್ಣ ಮರದ ಕೋಲು ಹಿಡಿಸಿದ, ನಾನು ಅಲ್ಯೂಮಿನಿಯಂ ಕೋಲು ಮಡಚಿದೆ, ಅತ್ತಿಗೆ ತೂತಿಲ್ಲದ ಕೋಲು ಬಗ್ಗಿಸಿದರು. ನಿಜವಾದ ಕೋಲು ಹಿಡಿದು ನಡೆದವರು ಲೋಕದಲ್ಲಿ ನಮ್ಮಮ್ಮ ಒಬ್ಬಳೇ!”

ಆ ಮಾತು ಬಾಯಿಂದ ಬಿದ್ದಮೇಲೆ ಅವನ ನಗುವೂ ನಿಂತಿತು. ಮೂವರೂ ಅವಳ ತೊಡೆಯ ಮೇಲಿದ್ದ ಕೋಲನ್ನು ನೋಡಿದರು.

ಅದು ಇರುವುದೊಂದೇ. ಇನ್ನೊಂದನ್ನು ಮಾಡಬೇಕಾದರೆ ನಾರು ಸುತ್ತಿ, ಬೇಯಿಸಿ, ಆರಿಸುವಷ್ಟರಲ್ಲಿ ಕಂಪನಿಯವರು ಬಂದು ಹೋಗಿರುತ್ತಾರೆ. ಗಟ್ಟಿಯಾಗಿದೆಯೋ ಇಲ್ಲವೋ ನೋಡಬೇಕೆಂದರೆ ಇದನ್ನೇ ಮಷೀನಿಗೆ ಕೊಡಬೇಕು. ಮಷೀನು ಮುರಿಯುವ ತನಕ ಬಿಡುವುದಿಲ್ಲ.

“ಬೇಡ,” ಅಂದ ಗಂಡ. “ನಾಳೆ ಒಂದು ದಿನ ಕಳೀಲಿ. ಕಂಪನಿಯವರು ಹೇಗೂ ತಮ್ಮದೇ ಪರೀಕ್ಷೆ ಮಾಡ್ತಾರೆ.”

“ಮಾಡದೇ ಇದ್ದರೆ? ವರದೀಲಿ ನಮ್ಮ ಮೂರು ಸಹಿ ನೋಡಿ, ಇವರು ಮಾಡಿದ್ದಾರಲ್ಲ ಅಂದುಕೊಂಡರೆ? ನಾವು ಮೂರೂ ಜನ ಹಾಗೇ ತಾನೇ ಅಂದುಕೊಂಡದ್ದು?”

ಅವನು ಕೋಲನ್ನು ಅವಳ ತೊಡೆಯಿಂದ ಎತ್ತಿ ತಮ್ಮನ ಕೈಗೆ ಕೊಟ್ಟ.

ಸಂಜೆ ತರಗತಿಗಳು ಮುಗಿದ ಮೇಲೆ ಪರೀಕ್ಷೆಯ ಕೋಣೆಯಲ್ಲಿ ಮೂವರೇ ಉಳಿದರು. ಇಳಿಬಿಸಿಲು ಕಿಟಕಿಯಿಂದ ಬಂದು ಮಷೀನಿನ ಕಂಬಗಳ ಮೇಲೆ ಬಿದ್ದಿತ್ತು. ಮೈದುನ ಕೋಲನ್ನು ನೆಟ್ಟಗೆ ನಿಲ್ಲಿಸಹೊರಟವನು ತಡೆದು ನಿಂತ. “ಅಮ್ಮ ನೆಟ್ಟಗೆ ಊರಲ್ಲ. ಏಳುವಾಗ ಹೀಗೆ ಮುಂದಕ್ಕೆ ಇಟ್ಟು, ಮೈ ಎಲ್ಲಾ ಬಲಕ್ಕೆ ಒಗೀತಾಳೆ,” ಅಂತ ತಾಯಿಯ ಹಾಗೇ ಸೊಂಟ ತಿರುಗಿಸಿ ‘ಅಯ್ಯಮ್ಮಾ’ ಅಂದು ತೋರಿಸಿದ. ಯಾರೂ ನಗಲಿಲ್ಲ. ಕೋಲನ್ನು ಓರೆಯಾಗಿ ಬಿಗಿದರು.

ಮಷೀನು ಒತ್ತಿತು, ಬಿಟ್ಟಿತು. ಒತ್ತಿತು, ಬಿಟ್ಟಿತು. ಪ್ರತಿ ಸಲವೂ ಕೋಲು ಕಿರ್ ಅಂದಿತು. ಅಡುಗೆಮನೆಯಲ್ಲಿ ಕೇಳಿದ್ದ ಅದೇ ಸದ್ದು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಮುಚ್ಚಿದರೆ ಅತ್ತೆ ಏಳುತ್ತಿದ್ದಾರೆ, ಕೂರುತ್ತಿದ್ದಾರೆ, ಮತ್ತೆ ಏಳುತ್ತಿದ್ದಾರೆ ಅನ್ನಿಸುತ್ತಿತ್ತು. ಗಂಡ ಬಾಯೊಳಗೇ ‘ತಡಿ, ತಡಿ’ ಅನ್ನುತ್ತಿದ್ದ. ಕೋಲಿಗೋ ಮಷೀನಿಗೋ ತಿಳಿಯಲಿಲ್ಲ. ಬಿಸಿಲು ಕಂಬದಿಂದ ಇಳಿದು ನೆಲಕ್ಕೆ ಬಂತು. ಕಿರ್ ಅನ್ನುವುದು ಕರ್ ಆಯಿತು. ಆಮೇಲೆ ಒಣಗಿದ ಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದು. ಅಷ್ಟೇ. ಅದಕ್ಕಿಂತ ದೊಡ್ಡ ಸದ್ದು ಬರಬಹುದೆಂದು ಅವಳು ಕಾದಿದ್ದಳು.

ಮೈದುನ ಮಷೀನು ನಿಲ್ಲಿಸಿ ಕೋಲನ್ನು ಬಿಡಿಸಿಕೊಂಡ. ಗುಂಡಗೆ ಕೊರೆದಿದ್ದ ತೂತು ಪಿನ್ನು ತಿಕ್ಕಿ ತಿಕ್ಕಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅಲ್ಲಿಂದ ನಾರಿನ ಗುಂಟ ಸೀಳು ಹರಿದಿತ್ತು. ಅವನ ಕೀಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ತೂತಿನಿಂದ ಆಚೆಗೆ ಅವಳ ಕೊಳವೆಯೂ ಹೊಸದರ ಹಾಗೇ ಇತ್ತು.

“ನನ್ನದೂ ಸರಿ ಇದೆ, ನಿಮ್ಮದೂ ಸರಿ ಇದೆ ಅತ್ತಿಗೆ. ಕೋಲು ಮಾತ್ರ ಮುರಿದಿದೆ,” ಅಂದ. ತಮಾಷೆಗೆ ಅಂದದ್ದಲ್ಲ.

“ಮೊನ್ನೆ ಅಮ್ಮ ಇದನ್ನ ಹಿಡ್ಕೊಂಡು ಮಹಡಿ ಮೆಟ್ಟಿಲು ಇಳಿದಳು,” ಅಂದ ಗಂಡ.

ಆದರೂ ಮನೆಯ ದಾರಿಯಲ್ಲಿ ಅವನು ಮತ್ತೆ ಆ ಮಾತನ್ನೇ ಎತ್ತಿದ. ಮೈದುನ ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿ ಕುಳಿತಿದ್ದ.

“ವರದೀಲಿ ಒಂದು ಸಾಲು ಸೇರಿಸಿಬಿಡು. ‘ಕೀಲಿನ ಭಾಗದ ಪರೀಕ್ಷೆ ಮುಂದುವರಿದಿದೆ’ ಅಂತ. ಸುಳ್ಳೇನಲ್ಲ. ಸಹಿ ಆಗಲಿ, ಸೆಂಟರ್ ಉಳೀಲಿ, ಆಮೇಲೆ ನಿಧಾನವಾಗಿ ಸರಿ ಮಾಡೋಣ.”

“ಆ ಒಂದು ಸಾಲಿನ ಮೇಲೆ ನಿಮ್ಮಮ್ಮ ಊರಿಕೊಂಡು ನಿಲ್ತಾರಾ?”

“ನೀನು ಎಲ್ಲದಕ್ಕೂ ಅಮ್ಮನ್ನ ತರಬೇಡ. ರೂಮು ಹೋಗುತ್ತೆ. ಗೊತ್ತಲ್ಲ? ನಿನ್ನ ರೂಮು, ನನ್ನದಲ್ಲ.”

“ಗೊತ್ತು.”

“ಮತ್ತೆ?”

“ನನಗೆ ಸಾಕಾಗಿದೆ ರೀ. ಜಗಳ ಆಡೋಕೂ ಶಕ್ತಿ ಇಲ್ಲ. ಆದರೆ ಆ ಸಾಲಿನ ಕೆಳಗೆ ಸಹಿ ಹಾಕೋಕೆ ಅದಕ್ಕಿಂತ ಜಾಸ್ತಿ ಶಕ್ತಿ ಬೇಕು, ಅದು ನನ್ನ ಹತ್ತಿರ ಇಲ್ಲ.”

ಮನೆಯ ಬಾಗಿಲಲ್ಲೇ ಅತ್ತೆ ಚೌಕಟ್ಟು ಹಿಡಿದು ನಿಂತಿದ್ದರು. ಕಣ್ಣು ಸೊಸೆಯ ಕೈಯ ಮೇಲೆ. “ಎಣ್ಣೆ ಬಿಟ್ಯಾ?”

ಗಂಡ ಷೂ ಬಿಚ್ಚುವ ನೆಪದಲ್ಲಿ ಬಗ್ಗಿದ. ಮೈದುನ ಮಹಡಿ ಹತ್ತಿಬಿಟ್ಟ. ಉಳಿದವಳು ಅವಳೊಬ್ಬಳೇ.

“ಮುರಿದೆವು ಅತ್ತೆ.”

“ಮುರಿಯೋಕೆ ಅಂತಲೇ ತಗೊಂಡು ಹೋದೆಯಾ?”

“ಬೆಳಿಗ್ಗೆ ಅಲ್ಲ. ಮಧ್ಯಾಹ್ನದ ಮೇಲೆ ಹೌದು.”

“ನನ್ನ ಕೈಲಿದ್ದಷ್ಟು ದಿನ ಗಟ್ಟಿಯಾಗಿತ್ತು. ಓದಿದವರು ಮೂರು ಜನ ಸೇರಿ ಒಂದೇ ದಿನದಲ್ಲಿ ಮುರಿದು ಹಾಕಿದಿರಿ.” ಅವರು ಚೌಕಟ್ಟನ್ನು ದಡದಡ ತಳ್ಳಿಕೊಂಡು ಕೋಣೆಗೆ ಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಸೊಸೆ ತಟ್ಟೆಯನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟು ಬಂದಳು. ಬೆಳಿಗ್ಗೆ ನೋಡಿದರೆ ತಟ್ಟೆ ಖಾಲಿಯಾಗಿತ್ತು.

ಸಭೆಯ ಕೋಣೆಯಲ್ಲಿ ಮೇಜಿಗೆ ಬಟ್ಟೆ ಹಾಸಿ, ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಕಂಪನಿಯ ಅಧಿಕಾರಿ ತೆಳ್ಳಗಿನ, ನಿಧಾನದ ಮನುಷ್ಯ; ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿಟ್ಟುಕೊಂಡಿದ್ದರು. ಡೈರೆಕ್ಟರು ಹಗ್ಗದ ಭಾಷಣವನ್ನು ಇನ್ನೊಂದು ಸಲ ಮಾಡಿದರು. “ಈಗ ನಮ್ಮ ಮೇಡಂ ಎರಡು ಮಾತಾಡ್ತಾರೆ,” ಅಂದರು.

ಮೇಡಂ ಎದ್ದಳು. ಕೈಚೀಲದಿಂದ ಮುರಿದ ಕೋಲಿನ ಎರಡು ತುಂಡು ತೆಗೆದು ಬಟ್ಟೆಯ ಮೇಲಿಟ್ಟಳು. ಹಿಂದಿನ ದಿನದಿಂದ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದಳು; ಈಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಈ ಕೋಲನ್ನ ಇಡಿಯಾಗಿ ನಾವ್ಯಾರೂ ಪರೀಕ್ಷೆ ಮಾಡಿರಲಿಲ್ಲ. ನನ್ನ ಪಾಲಿನದ್ದು ನಾನು ಮಾಡಿದೆ, ಅವರ ಪಾಲಿನದ್ದು ಅವರು ಮಾಡಿದರು. ನಿನ್ನೆ ಇಡೀ ಕೋಲನ್ನ ಮಷೀನಿಗೆ ಹಾಕಿದೆವು. ಪಿನ್ನಿನ ತೂತಿನ ಹತ್ತಿರ ಸೀಳ್ತು. ಇದು ಹೀಗೇ ತಯಾರಾದರೆ ಹಿಡಿದವರು ಬೀಳ್ತಾರೆ.”

ಡೈರೆಕ್ಟರು ನಗುವನ್ನು ಹಾಗೇ ಹಿಡಿದಿಟ್ಟುಕೊಂಡು, “ಮೇಡಂ, ಇದನ್ನ ನಿನ್ನೇನೇ ನನ್ನ ಕಿವಿಗೆ ಹಾಕಬಹುದಿತ್ತಲ್ಲ?” ಅಂದರು.

“ನಿನ್ನೆ ಸಂಜೆವರೆಗೆ ನಮಗೇ ಗೊತ್ತಿರಲಿಲ್ಲ ಸರ್.”

ಕಂಪನಿಯ ಅಧಿಕಾರಿ ತುಂಡುಗಳನ್ನು ಎತ್ತಿ ನೋಡಿ ಕೆಳಗಿಟ್ಟರು. ವರದಿಯ ಹಾಳೆ ತಿರುವಿ ಅವಳ ಗಂಡನ ಕಡೆ ತಿರುಗಿದರು. “ಇಷ್ಟೊಂದು ಜನ ಹಿರಿಯರು ನಡೆದು ನೋಡಿ ಮೆಚ್ಚಿದ್ದಾರೆ ಅಂತಿದೆಯಲ್ಲ. ಅವರ ಕೈಲಿದ್ದಾಗ ಏನೂ ಆಗಲಿಲ್ಲವೇ?”

ಅವಳು ಗಂಡನ ಕಡೆ ನೋಡಲಿಲ್ಲ. ನೋಡಿದರೆ ಬೇಡಿದ ಹಾಗಾಗುತ್ತದೆ ಅಂತ ಎದುರಿನ ನೀರಿನ ಬಾಟಲಿಯನ್ನು ನೋಡುತ್ತ ನಿಂತಳು. ಏನೂ ಆಗಲಿಲ್ಲ ಅಂದುಬಿಟ್ಟರೆ ಅದೂ ನಿಜವೇ. ಒಂದೇ ಮಾತು. ಸೆಂಟರ್ ಇನ್ನೂ ಉಳಿಯಬಹುದು.

ಅವನು ಕೆಮ್ಮಿದ. ನೀರು ಕುಡಿದ.

“ಅವರು ನಡೆದದ್ದು ಮರದ ಕೋಲಲ್ಲಿ ಸರ್,” ಅಂದ. “ಬಡಗಿ ಮಾಡಿದ್ದು. ವರದೀಲಿ ಅದನ್ನ ಸ್ಪಷ್ಟವಾಗಿ ಬರೀಬೇಕಿತ್ತು. ಬರೀಲಿಲ್ಲ. ಈ ಕೋಲಲ್ಲಿ ನಡೆದದ್ದು ನಮ್ಮ ತಾಯಿ ಒಬ್ಬರೇ.”

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಸಿಟ್ಟು ಮಾಡಲಿಲ್ಲ, ದಾಕ್ಷಿಣ್ಯವನ್ನೂ ತೋರಿಸಲಿಲ್ಲ. “ಸರಿ ಮಾಡಿದ ಮೇಲೆ ತಿಳಿಸಿ, ಆಗ ನೋಡೋಣ,” ಅಂದರು. ಆಗ ಅಂದರೆ ಯಾವಾಗ ಅಂತ ಯಾರೂ ಕೇಳಲಿಲ್ಲ. ಹೊರಗೆ ಬರುವಾಗ ಡೈರೆಕ್ಟರು ಅವಳ ಪಕ್ಕ ನಡೆದು, “ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ರೂಮಿನ ವಿಷಯ ಇನ್ನು ನನ್ನ ಕೈಲಿಲ್ಲ ಮೇಡಂ,” ಅಂದರು. ಅವಳು ತಲೆಯಾಡಿಸಿದಳು. ಅಳು ಬರಬಹುದು ಅಂದುಕೊಂಡಿದ್ದಳು, ಬಂದದ್ದು ಆಕಳಿಕೆ.

ಕಂಪ್ಯೂಟರ್ ವಿಭಾಗದವರು ಒಳ್ಳೆಯವರು. ತಿಂಗಳ ಕೊನೆಯವರೆಗೆ ತಡೆದರು. ಅಷ್ಟರೊಳಗೆ ಅವಳು ಓವನ್ನನ್ನು ಕೊನೆಯ ಸಲ ಹೊತ್ತಿಸಿದಳು. ಈ ಸಲ ನಾರು ಸುತ್ತುವಾಗ ಮೈದುನ ಪಕ್ಕದಲ್ಲೇ ನಿಂತಿದ್ದ. ತೂತು ಬರುವ ಕಡೆ ಎಳೆಗಳನ್ನು ಅಡ್ಡಡ್ಡ ಹಾಕಿ ದಪ್ಪ ಮಾಡಿ ಅಂದ. ಕೊರೆದ ತೂತಿನೊಳಗೆ ಕೂರುವಂತೆ ಒಂದು ಸಣ್ಣ ಲೋಹದ ಬಳೆ ಕಡೆದು ತಂದ, ಪಿನ್ನು ತಿಕ್ಕುವುದಿದ್ದರೆ ಆ ಬಳೆಯನ್ನೇ ತಿಕ್ಕಲಿ ಅಂತ. ಗಂಡ ಬಂದು ಇಬ್ಬರ ಕೈಗೂ ಕಾಲಿಗೂ ಅಡ್ಡ ಸಿಗುತ್ತ ನಿಂತ.

“ನನಗೇನಾದರೂ ಕೆಲಸ ಹೇಳು,” ಅಂದ.

“ನಿಮ್ಮ ಆ ಮರದ ಕೋಲನ್ನ ಅಮ್ಮನ ಕೈಗೆ ಕೊಟ್ಟು, ಮನೇಲಿ ಕೂತು ಅವರು ಹೇಗೆ ಏಳ್ತಾರೆ, ಹೇಗೆ ತಿರುಗ್ತಾರೆ, ಎಲ್ಲಿ ಕೋಲು ಒಗೀತಾರೆ ನೋಡಿಕೊಂಡು ಬನ್ನಿ.”

“ಒಗೆಯೋದು ನನ್ನ ಮೇಲೇ,” ಅಂದ. ಆದರೂ ಹೋಗಿ ನೋಡಿದ. ಅತ್ತೆ ಕೋಲನ್ನು ಊರುವುದಷ್ಟೇ ಅಲ್ಲ, ಅದರಿಂದ ಕಿಟಕಿ ತಳ್ಳುತ್ತಾರೆ, ಮಂಚದಡಿಯ ಚಪ್ಪಲಿ ಎಳೆಯುತ್ತಾರೆ, ಸಿಟ್ಟು ಬಂದರೆ ನೆಲ ಕುಟ್ಟುತ್ತಾರೆ ಅನ್ನುವುದು ಆ ಮನೆಯ ಸಂಶೋಧನೆಗೆ ಹೊಸದಾಗಿ ಸೇರಿತು.

ಒಂದೇ ಬೇಯಿಸುವಿಕೆಯಲ್ಲಿ ಎರಡು ಕೋಲಿಗಾಗುವಷ್ಟು ಕೊಳವೆ ಮಾಡಿದರು. ಒಂದು ಕೋಲನ್ನು ಮಷೀನಿಗೆ ಓರೆಯಾಗಿ ಬಿಗಿದು ಬಿಟ್ಟರು. ಅದು ಒತ್ತಿಸಿಕೊಂಡಿತು, ಬಿಡಿಸಿಕೊಂಡಿತು, ಮತ್ತೆ ಒತ್ತಿಸಿಕೊಂಡಿತು. ಮುರಿಯುವ ಲಕ್ಷಣ ಕಾಣದೆ ಮೈದುನನಿಗೇ ಬೇಸರ ಬಂದು ಭಾರ ಏರಿಸುತ್ತ ಹೋದ. ಕೊನೆಗೆ ಮುರಿದದ್ದು ತೂತಿನ ಹತ್ತಿರವಲ್ಲ, ಕೊಳವೆಯ ನಡುಮಧ್ಯ. ಅದೂ ಒಂದು ಕುದುರೆ ಹತ್ತಿ ಕೂತರೂ ಸಾಲದಷ್ಟು ಭಾರಕ್ಕೆ.

ಮರುದಿನ ಓವನ್ನನ್ನು ಗಾಡಿಗೆ ಹೇರಿದರು. ವಿಭಾಗದ ಹಿಂದಿನ ಷೆಡ್ಡಿನಲ್ಲಿ ಒಂದು ಮೂಲೆ ಸಿಕ್ಕಿತ್ತು. ಮಳೆ ಬಂದರೆ ಸೋರುತ್ತದೆ ಅಂತ ಗಾಡಿಯವನೇ ಹೇಳಿ ಹೋದ. ಅವಳು ಬೀಗದ ಕೈ ಒಪ್ಪಿಸಿ, ಎರಡನೆಯ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಅತ್ತೆ ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅನುಮಾನದಿಂದ ಮೇಲೆ ಕೆಳಗೆ ನೋಡಿದರು. “ಇದನ್ನೂ ಮುರಿಯೋಕೆ ತಗೊಂಡು ಹೋಗ್ತೀಯಾ?”

“ಇಲ್ಲತ್ತೆ. ಇದರ ಜೊತೆ ಹುಟ್ಟಿದ್ದನ್ನ ಆಗಲೇ ಮುರಿದಾಯ್ತು.”

“ಪಾಪ,” ಅಂದರು. ಕುರ್ಚಿಯ ಕೈ ಹಿಡಿದು, ಕೋಲನ್ನು ಮುಂದಕ್ಕೆ ಊರಿ, ಮೈಯೆಲ್ಲ ಬಲಕ್ಕೆ ಒಗೆದು ಎದ್ದರು. ಅಡುಗೆಮನೆಯ ತನಕ ಹೋದರು, ತಿರುಗಿದರು, ಬಂದರು. ಇನ್ನೊಂದು ಸಲ ಹೋದರು. ಸೊಸೆ ಇನ್ನೊಂದು ಕುರ್ಚಿಯಲ್ಲಿ ಕೂತು ತಲೆಯಾನಿಸಿ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದಳು. ರಬ್ಬರಿನ ಕಾಲು ನೆಲಕ್ಕೆ ಊರುವ ಮೆತ್ತಗಿನ ಸದ್ದು, ಅತ್ತೆಯ ಉಸಿರು. ಬೇರೆ ಏನೂ ಇಲ್ಲ.

“ಇದೇನೇ ಇದು,” ಅಂತ ಅತ್ತೆ ನಡುಮನೆಯಲ್ಲಿ ನಿಂತು ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿದರು. “ತುಟಿ ಬಿಚ್ಚಲ್ಲವಲ್ಲ! ಹಳೇದಕ್ಕೆ ಬಾಯಾದರೂ ಇತ್ತು. ಇನ್ನು ನಾನು ಯಾರ ಹತ್ತಿರ ಮಾತಾಡಲಿ, ಹೇಳು?”

ಅತ್ತೆ ತಿರುಗಿ ನೋಡಿದರೆ ಸೊಸೆ ಕುರ್ಚಿಯಲ್ಲೇ, ಬಾಯಿ ಅರ್ಧ ತೆರೆದು, ಚೀಲವನ್ನು ಹೆಗಲಿನಿಂದ ಇಳಿಸದೆ ನಿದ್ದೆ ಹೋಗಿದ್ದಳು. ಅತ್ತೆ ಹತ್ತಿರ ಬಂದು, ಕೋಲಿನ ತುದಿಯಿಂದ ಸ್ಟೂಲನ್ನು ಮೆಲ್ಲಗೆ ಎಳೆದು ತಂದು, ಅವಳ ಕಾಲ ಹತ್ತಿರ ಬಿಟ್ಟರು. ಆಮೇಲೆ ತಾವೇ ಹೋಗಿ ಕಾಫಿಗೆ ನೀರಿಟ್ಟರು.